ಹಾರದ ಮೇಲೆ ಹಾಕಿದ ತಪ್ಪು

ರೊಟ್ಟಿ ಅಕ್ಕನ ಜೀಪಿನ ಬಾನೆಟ್ಟಿಗೆ ಆನಿಕೆ ಕೊಡುತ್ತಿದ್ದ ಕಬ್ಬಿಣದ ರಾಡು ಈಗಲೂ ನನ್ನ ಗ್ಯಾರೇಜಿನಲ್ಲಿದೆ. ಇದೆ ಅಂದರೆ ಮುಕ್ಕಾಲು ಭಾಗ ಇದೆ. ಉಳಿದ ಕಾಲು ಭಾಗವನ್ನು ನಾನೇ ಕತ್ತರಿಸಿದ್ದೆ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಾ. ಈ ಮುಕ್ಕಾಲು ರಾಡನ್ನು ಗುಜರಿಗೆ ಹಾಕಲು ಮನಸ್ಸು ಬಂದಿಲ್ಲ. ಕಬ್ಬಿಣ ಕಚ್ಚಿಸುವ ವೈಸಿನ ಮೇಲ್ಗಡೆ ಗೋಡೆಯ ಮೊಳೆಗೆ ನೇತುಹಾಕಿದ್ದೇನೆ, ಕೆಲಸದ ಮಧ್ಯೆ ತಲೆ ಎತ್ತಿದರೆ ಕಣ್ಣಿಗೆ ಬೀಳಲಿ ಅಂತ.

ನನ್ನದು ನಾಯಂಡಹಳ್ಳಿಯಲ್ಲಿ ಶೀಟು ಹೊದಿಸಿದ ಸಣ್ಣ ಶೆಡ್ಡು. ಕೆಲಸಕ್ಕೆ ನಾನೊಬ್ಬನೇ. ಅಕ್ಕ ಬಸವೇಶ್ವರನಗರದವರು, ಮೂಲ ಗದಗದ ಕಡೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಜೋಳದ ರೊಟ್ಟಿ ತಟ್ಟಿ, ವಿಜಯನಗರ, ರಾಜಾಜಿನಗರದ ಖಾನಾವಳಿಗಳಿಗೆ ತಾವೇ ಜೀಪು ಓಡಿಸಿಕೊಂಡು ಹೋಗಿ ಕೊಡುತ್ತಿದ್ದರು. ಸಹಾಯಕ್ಕೆ ಇಬ್ಬರು ಹೆಂಗಸರು ಬರುತ್ತಿದ್ದರೂ ಗಿರಾಕಿಗಳು ಕೇಳುತ್ತಿದ್ದುದು ಅಕ್ಕನ ಕೈಯ ರೊಟ್ಟಿಯನ್ನೇ. ಕಾಗದದಷ್ಟು ತೆಳ್ಳಗೆ, ಅಂಚು ಎಲ್ಲೂ ಬಿರಿಯದ ರೊಟ್ಟಿ. ನಾನು ತಿಂದವನು, ಸುಮ್ಮನೆ ಹೊಗಳುತ್ತಿಲ್ಲ.

ಅವರ ಜೀಪು ನನಗಿಂತ ಹಟಮಾರಿ. ಗಟ್ಟಿ ತಗಡಿನ ಬಾನೆಟ್ಟು, ಎರಡು ಕೈ ಹಾಕಿದರೇ ಮೇಲೇಳುವುದು. ರೇಡಿಯೇಟರ್ ಹಳೆಯದು, ದಿನಾ ಬೆಳಿಗ್ಗೆ ನೀರು ನೋಡಲೇಬೇಕು. ವರ್ಷಗಟ್ಟಲೆ ರೊಟ್ಟಿ ತಟ್ಟಿ ಅಕ್ಕನ ಎಡ ಭುಜ ಹಿಡಿದುಕೊಂಡಿತ್ತು. ಒಂದು ಕೈಯಲ್ಲಿ ಬಾನೆಟ್ ಎತ್ತಿಹಿಡಿದು ಇನ್ನೊಂದು ಕೈಯಲ್ಲಿ ರಾಡನ್ನು ತೂತಿಗೆ ಸಿಕ್ಕಿಸುವುದು ಅವರಿಗೆ ದಿನದಿನದ ಹಿಂಸೆ. ಬೇಸಿಗೆಯ ಒಂದು ಮಧ್ಯಾಹ್ನ ಬಂದು ಕೇಳಿದರು.

"ಅಣ್ಣಾರ, ಆ ಹೊಸಾ ಕಾರ್‌ನ್ಯಾಗ ಹಿಂದಿನ ಬಾಗ್ಲಾ ತಾನ ಮ್ಯಾಲೆ ಹೋಗತೈತಲ್ಲ, ಹಂಗ ಏನರೆ ಮಾಡಾಕ ಬರತೈತೇನ್ರಿ ಇದಕ್ಕ?"

"ಬರ್ದೆ ಏನಕ್ಕ? ಒಂದ್ ಬೆರಳಲ್ಲಿ ಎತ್ತೋ ಹಂಗ್ ಮಾಡ್ಕೊಡ್ತೀನಿ, ಬಿಡಿ" ಅಂದೆ.

ಅದುವರೆಗೆ ಒಂದು ಬಾನೆಟ್ಟಿಗೂ ನಾನು ಅಂಥದ್ದನ್ನು ಮಾಡಿರಲಿಲ್ಲ. ಆದರೆ ಗ್ಯಾರೇಜಿನವನ ಬಾಯಲ್ಲಿ 'ಗೊತ್ತಿಲ್ಲ' ಅನ್ನುವ ಪದ ಬರುವುದು ಕಷ್ಟ. ನನ್ನ ಬಾಯಲ್ಲಂತೂ ಇನ್ನೂ ಕಷ್ಟ.

ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿ ನಿಲ್ಲಿಸುವ ಆ ಎರಡು ಕೊಳವೆಗಳಿಗೆ ನಾವು 'ಡಿಕ್ಕಿ ಶಾಕ್' ಅನ್ನುತ್ತೇವೆ. ದಪ್ಪ ಡಬ್ಬಿಯೊಳಗೆ ಒತ್ತಿ ತುಂಬಿದ ಗ್ಯಾಸು, ಒಂದಿಷ್ಟು ಎಣ್ಣೆ, ಒಳಹೊರಗೆ ಜಾರುವ ಹೊಳೆಯುವ ಕಡ್ಡಿ, ಇಷ್ಟೇ. ಗ್ಯಾಸು ಕಡ್ಡಿಯನ್ನು ಹೊರಗೆ ತಳ್ಳುತ್ತದೆ, ಬಾಗಿಲು ಮೇಲೆ ನಿಲ್ಲುತ್ತದೆ. ನಾಲ್ಕು ಹೆಜ್ಜೆ ದಾಟಿದರೆ ಗುಜರಿ ಅಂಗಡಿ. ಅಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಕಾರುಗಳ ರಾಶಿ. ಅಂಗಡಿಯ ಭಾಯ್ ನನಗೆ ಇಪ್ಪತ್ತು ವರ್ಷದ ಪರಿಚಯ. ಒಂದು ದೊಡ್ಡ ಕಾರಿನ ಜೋಡಿಯನ್ನು ಬಿಚ್ಚಿ ಕೊಟ್ಟರು. ಒಂದೊಂದನ್ನೇ ನೆಲಕ್ಕೆ ಊರಿ ಮೈಭಾರವೆಲ್ಲ ಹಾಕಿ ಒತ್ತಿ ನೋಡಿದೆ. ಕಡ್ಡಿ ಒಳಗೆ ಹೋಗಲು ಒಪ್ಪಲಿಲ್ಲ. ಅಷ್ಟೇ ನನ್ನ ಪರೀಕ್ಷೆ.

"ಯಾವ್ದಕ್ಕೆ ಅಣ್ಣಾ?" ಅಂದರು ಭಾಯ್.

"ಜೀಪ್ ಬಾನೆಟ್ಟಿಗೆ."

"ಹಾಕಿ, ಆದ್ರೆ ಕಡ್ಡಿ ಕೆಳಗೆ ಇರ್ಬೇಕು, ಡಬ್ಬಿ ಮೇಲೆ. ಉಲ್ಟಾ ಇಟ್ರೆ ಖತಂ, ಗ್ಯಾಸ್ ನಿಲ್ಲಲ್ಲ."

"ನಂಗೇ ಹೇಳಿಕೊಡ್ತೀರಾ ಭಾಯ್?" ಎಂದು ನಕ್ಕು ಬಂದೆ.

ಅವರು ಹೇಳಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಡಬ್ಬಿಯೊಳಗಿನ ಎಣ್ಣೆ ಕಡ್ಡಿಯ ಬುಡದ ಸೀಲನ್ನು ಯಾವಾಗಲೂ ಒದ್ದೆಯಾಗಿಟ್ಟಿರಬೇಕು. ಕಡ್ಡಿ ಮೇಲಾದರೆ ಎಣ್ಣೆ ತಳ ಸೇರುತ್ತದೆ, ಸೀಲು ಒಣಗುತ್ತದೆ, ಗ್ಯಾಸು ಸದ್ದಿಲ್ಲದೆ ಸೋರುತ್ತದೆ. ಗೊತ್ತಿದ್ದೂ ಮಾಡಿದವನ ಕಥೆ ಇದು.

ಮೊದಲ ದಿನ ಅಳತೆಯಲ್ಲೇ ಕಳೆಯಿತು. ಬಾನೆಟ್ಟನ್ನು ಹಗ್ಗದಲ್ಲಿ ಶೆಡ್ಡಿನ ತೊಲೆಗೆ ಕಟ್ಟಿ, ಅಕ್ಕನ ಎತ್ತರಕ್ಕೆ ಎಷ್ಟು ತೆರೆದರೆ ಸರಿ ಅಂತ ಅವರನ್ನೇ ನಿಲ್ಲಿಸಿ ಗುರುತು ಹಾಕಿದೆ. ಒಂದು ತೆಂಗಿನ ಕಡ್ಡಿಯನ್ನು ಶಾಕಿನಷ್ಟೇ ಉದ್ದಕ್ಕೆ ಮುರಿದು ಅಲ್ಲಿಟ್ಟು, ಇಲ್ಲಿಟ್ಟು, ಎಲ್ಲಿ ಕೂರಿಸಿದರೆ ಬಾನೆಟ್ ಪೂರ್ತಿ ಮುಚ್ಚುತ್ತದೆ, ಪೂರ್ತಿ ತೆರೆಯುತ್ತದೆ ಅಂತ ನೋಡಿದೆ. ಬಾನೆಟ್ ಮಡಚುವ ಕೀಲಿನ ತೀರಾ ಹತ್ತಿರವಾದರೆ ಶಾಕಿಗೆ ಬಲ ಸಾಲದು, ದೂರವಾದರೆ ಬಾನೆಟ್ ಅರ್ಧಕ್ಕೇ ನಿಲ್ಲುತ್ತದೆ. ಕೊನೆಗೆ ಜಾಗ ಸಿಕ್ಕಿತು. ಎಡಗಡೆ ಸಲೀಸು. ಬಲಗಡೆ ನೋಡಿದರೆ ಸರಿಯಾಗಿ ಹಳೆ ರಾಡಿನ ಬುಡ ಇರುವ ಜಾಗವೇ ಬೇಕಾಗಿತ್ತು.

ರಾಡನ್ನು ಬಿಚ್ಚಿದೆ. ಐದು ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ ಕತ್ತರಿಸಿ ಬಾಗಿಸಿ ಬ್ರ್ಯಾಕೆಟ್ ಮಾಡಿ ಬೋಲ್ಟು ಹಾಕಿದರೆ, ಬಾನೆಟ್ ಎತ್ತಿದಾಗ ಅದು ಸ್ವಲ್ಪ ಬಳುಕುತ್ತಿತ್ತು. ಒಂದು ಆನಿಕೆ ಬೇಕಾಯಿತು. ಕೈಗೆ ಸಿಕ್ಕಿದ್ದು ಅದೇ ರಾಡು. ಗ್ರೈಂಡರ್ ಹಚ್ಚಿ ಒಂದು ಗೇಣು ಕತ್ತರಿಸಿ ಅಡ್ಡಕ್ಕೆ ವೆಲ್ಡ್ ಮಾಡಿದೆ. ಎಷ್ಟು ಖುಷಿಯಾಯಿತು ಅಂದರೆ, ಅಕ್ಕನಿಗೆ ಫೋನಿನಲ್ಲಿ ಫೋಟೋ ಕಳಿಸಿದೆ.

ಎರಡನೆಯ ದಿನ ಶಾಕ್ ಕೂರಿಸುವಾಗ ತೊಡಕು ಬಂತು. ಭಾಯ್ ಹೇಳಿದಂತೆ ಡಬ್ಬಿ ಮೇಲೆ ಇಟ್ಟರೆ, ಬಾನೆಟ್ ಮುಚ್ಚಿದಾಗ ದಪ್ಪ ಡಬ್ಬಿ ಒಳಗಿನ ಪಟ್ಟಿಗೆ ತಗಲುತ್ತಿತ್ತು. ಬ್ರ್ಯಾಕೆಟ್ಟನ್ನು ಒಂದೂವರೆ ಇಂಚು ಹೊರಗೆ ಸರಿಸಿದ್ದರೆ ಮುಗಿದಿತ್ತು. ಆದರೆ ವೆಲ್ಡ್ ಆಗಿಹೋಗಿತ್ತು, ಬಣ್ಣ ಬಳಿದಾಗಿತ್ತು. ಎರಡೂ ಶಾಕುಗಳನ್ನು ತಿರುಗಿಸಿ ಹಾಕಿದರೆ ಸಣ್ಣ ಕಡ್ಡಿ ಮೇಲೆ ಬಂದು ಅಚ್ಚುಕಟ್ಟಾಗಿ ಕೂತಿತು. ಮುಂದಿನ ಸರ್ವೀಸಿಗೆ ಬಂದಾಗ ಸರಿ ಮಾಡಿದರಾಯಿತು ಅಂದುಕೊಂಡೆ. ಈ 'ಆಯಿತು' ಅನ್ನುವುದು ನನ್ನ ಇಡೀ ಜನ್ಮವನ್ನೇ ಆಳಿದೆ.

ಮಧ್ಯಾಹ್ನ ಎರಡು ಗಂಟೆಗೆ ಅಕ್ಕ ಬಂದರು. ಶೀಟಿನ ಕೆಳಗೆ ಮೈಯಿಂದ ಬೆವರು ಕಿತ್ತುಬರುತ್ತಿತ್ತು. ಬಾನೆಟ್ಟಿನ ತುದಿಗೆ ಒಂದು ಬೆರಳು ಇಡಿ ಅಂದೆ. ಇಟ್ಟರು. ಬಾನೆಟ್ಟು ಸುಯ್ಯಂತ ಮೇಲೆ ಹೋಗಿ ನಿಂತಿತು. ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡು ನಕ್ಕರು. ಮುಚ್ಚಿ ಮತ್ತೆ ತೆರೆದರು, ನಾಲ್ಕು ಸಲ.

"ಅಣ್ಣಾರ, ಹಳೇ ರಾಡ್ ಎಲ್ಲೈತ್ರಿ? ಗಾಡ್ಯಾಗ ಹಾಕ್ರಿ, ಇರ್ಲಿ."

"ಅದು ಇನ್ಯಾತಕ್ಕೆ ಅಕ್ಕ? ಕತ್ತರಿಸಿ ಬ್ರ್ಯಾಕೆಟ್ಟಿಗೇ ಹಾಕಿದೀನಿ. ಇನ್ನು ಬೇಕಾಗಲ್ಲ."

"ಹಳೇದು ಅಂತ ಒಂದ್ ಇದ್ದಿದ್ರ ಛಲೋ ಇತ್ತು" ಅಂದರು, ಅಷ್ಟೇ. ನನ್ನ ಮುಖ ನೋಡಿ ಮುಂದೆ ಮಾತು ಬೆಳೆಸಲಿಲ್ಲ. ಕೆಲಸ ಮಾಡಿಕೊಟ್ಟವನ ಮನಸ್ಸು ನೋಯಿಸಬಾರದು ಅನ್ನುವ ಜಾತಿಯ ಹೆಂಗಸು.

ಐದು ತಿಂಗಳು ಏನೂ ಆಗಲಿಲ್ಲ. ಮಳೆಗಾಲ ಕಳೆಯಿತು, ಬೆಳಗಿನ ಹೊತ್ತು ತಣ್ಣಗಾಗತೊಡಗಿತು. ಆಯುಧಪೂಜೆ ಬಂತು.

ಗ್ಯಾರೇಜಿನವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಹಿಂದಿನ ದಿನವೇ ಎಲ್ಲ ಸ್ಪ್ಯಾನರು, ಸುತ್ತಿಗೆ, ಜಾಕು, ಡ್ರಿಲ್ಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೆಂಪು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಇಡುತ್ತೇನೆ. ಒಮ್ಮೆ ಇಟ್ಟ ಮೇಲೆ ವಿಜಯದಶಮಿಯ ಪೂಜೆ ಮುಗಿಯುವ ತನಕ ಒಂದನ್ನೂ ಮುಟ್ಟುವಂತಿಲ್ಲ. ನಮ್ಮಪ್ಪ ಕಲಿಸಿದ್ದು. ವರ್ಷವೆಲ್ಲ ನಮಗಾಗಿ ದುಡಿದವು, ಆ ಎರಡು ದಿನ ಅವಕ್ಕೆ ರಜೆ.

ಕುಂಕುಮ ಇಟ್ಟು ಕೈ ತೊಳೆಯುತ್ತಿದ್ದೆ. ಅಕ್ಕನ ಫೋನು.

"ಅಣ್ಣಾರ, ಬಾನೆಟ್ ಎರಡ್ ದಿನದಿಂದ ಮುಂಜಾನೆ ನಿಲ್ಲವಲ್ದು. ಮೆಲ್ಲಕ ಕೆಳಗ ಬರಾಕತ್ತೈತಿ. ಬಿಸಿಲು ಬಿದ್ದ ಮ್ಯಾಲೆ ಮತ್ತ ಸರಿ ಆಗತೈತಿ. ನಾಳೆ ಪೂಜಾ ಐತ್ರಿ. ಈಗ ತರ್ಲೇನ್ರಿ?"

ಒಂದೇ ಕ್ಷಣದಲ್ಲಿ ಎಲ್ಲ ಹೊಳೆಯಿತು: ಉಲ್ಟಾ ಹಾಕಿದ ಶಾಕು, ಸೋರಿದ ಗ್ಯಾಸು. ಉಳಿದ ಗ್ಯಾಸೂ ತಣ್ಣಗಾದಾಗ ಕುಗ್ಗುತ್ತದೆ, ಅದಕ್ಕೇ ಬೆಳಿಗ್ಗೆ ಇಳಿಯುತ್ತಿದೆ, ಬಿಸಿಲಿಗೆ ನಿಲ್ಲುತ್ತಿದೆ. ನಾನು ಪರೀಕ್ಷೆ ಮಾಡಿದ್ದು ಬೆಂಕಿಯಂಥ ಮಧ್ಯಾಹ್ನದಲ್ಲಿ. ಗೊತ್ತಾಯಿತು. ಆದರೆ ಕಣ್ಣು ಕೆಂಪು ಬಟ್ಟೆಯ ಮೇಲಿತ್ತು. ಸಾಲಾಗಿ ಮಲಗಿದ ಸ್ಪ್ಯಾನರುಗಳು, ಒಂದೊಂದರ ಮೇಲೂ ಬೊಟ್ಟು.

"ಸಾಮಾನೆಲ್ಲ ಪೂಜೆಗೆ ಇಟ್ಬಿಟ್ಟೆ ಅಕ್ಕ. ಇನ್ನು ಮುಟ್ಟಂಗಿಲ್ಲ. ಹಬ್ಬ ಆಗ್ಲಿ, ಮೊದಲನೇ ಗಾಡಿ ನಿಮ್ದೇ."

"ಹೌದ್ರಿ, ಹೌದ್ರಿ. ಪೂಜಾಕ್ಕ ಇಟ್ಟಿದ್ದು ಮುಟ್ಟಬಾರ್ದು" ಅಂದರು ಅಕ್ಕ.

ಒಂದು ಕೋಲು ಆನಿಸಿಕೊಳ್ಳಿ ಅನ್ನಬಹುದಿತ್ತು. ನಾಳೆ ಬಾನೆಟ್ಟನ್ನೇ ತೆರೆಯಬೇಡಿ ಅನ್ನಬಹುದಿತ್ತು. ಇವಕ್ಕೆ ಸ್ಪ್ಯಾನರು ಬೇಕಿರಲಿಲ್ಲ. ಹೇಳಿದರೆ ನಾನು ಮಾಡಿದ ಕೆಲಸ ಕೆಟ್ಟದ್ದು ಅಂತ ನಾನೇ ಒಪ್ಪಿದ ಹಾಗಾಗುತ್ತಿತ್ತು. ಹಬ್ಬದ ಮುನ್ನಾದಿನ ಅದು ಬೇಡವಾಗಿತ್ತು. ಫೋನಿಟ್ಟು ಮಾವಿನ ತೋರಣ ಕಟ್ಟಲು ಏಣಿ ಹತ್ತಿದೆ.

ಮರುದಿನ ಬೆಳಿಗ್ಗೆ ಏಳೂವರೆಗೆ ಅಕ್ಕನ ಯಜಮಾನರು ಫೋನು ಮಾಡಿದರು. ಅವರು ಕಾರ್ಖಾನೆಯಿಂದ ನಿವೃತ್ತರಾದವರು, ಯಾವಾಗಲೂ ಗಡಸು ದನಿ. ಅವತ್ತು ದನಿ ನಡುಗುತ್ತಿತ್ತು. "ಬಾನೆಟ್ ಬಿತ್ತ್ರಿ. ಆಕಿ ಕೈ ಸಿಕ್ಕೊಂಡೈತಿ. ಆಸ್ಪತ್ರ್ಯಾಗ ಅದೀವಿ."

ನಡೆದದ್ದು ಇಷ್ಟು. ಜೀಪು ತೊಳೆದು, ಬಾಳೆಕಂದು ಕಟ್ಟಿ, ಬಾನೆಟ್ಟಿನ ತುದಿಗೆ ದಪ್ಪನೆಯ ಚೆಂಡುಹೂವಿನ ಹಾರ ಹಾಕಿ ಆಗಿತ್ತು. ಎಂಜಿನ್ನಿಗೆ ವಿಭೂತಿ ಹಚ್ಚುವುದು ಮರೆತಿತ್ತು. ಅಕ್ಕ ಹಾರದ ಸಮೇತ ಬಾನೆಟ್ ಎತ್ತಿದರು. ನಿಂತಿತು. ಬಗ್ಗಿ ಮೂರು ಬೆರಳಲ್ಲಿ ಪಟ್ಟೆ ಎಳೆದು, ಕೈ ಹಿಂದಕ್ಕೆ ತೆಗೆಯುವಾಗ ರೇಡಿಯೇಟರಿನ ಮುಂದಿನ ಪಟ್ಟಿಯ ಮೇಲೆ ಊರಿದರು. ಬಾನೆಟ್ಟು ಅಲ್ಲೇ ಬಿತ್ತು. ಬಲಗೈಯ ತೋರುಬೆರಳು, ನಡುಬೆರಳು.

ಆಸ್ಪತ್ರೆಯಲ್ಲಿ ಅಕ್ಕನ ಕೈಗೆ ಮೊಣಕೈ ತನಕ ಬಿಳಿ ಬಟ್ಟೆ ಸುತ್ತಿದ್ದರು. ಹಣೆಯ ಮೇಲೆ ವಿಭೂತಿ ಹಾಗೇ ಇತ್ತು. ಎರಡು ಕಡೆ ಮೂಳೆ ಮುರಿದಿದೆ, ಕೂಡುತ್ತದೆ, ಆದರೆ ನಡುಬೆರಳು ಮೊದಲಿನಂತೆ ಮಡಚುತ್ತದೆ ಅಂತ ಹೇಳಲಾಗದು ಅಂದಿದ್ದರಂತೆ ಡಾಕ್ಟರು. ರೊಟ್ಟಿ ತಟ್ಟುವವರಿಗೆ ಆ ಎರಡು ಬೆರಳೇ ಅಲ್ಲವೇ ಎಲ್ಲ? ಹಿಟ್ಟನ್ನು ತಿರುಗಿಸುವುದೂ ಅವೇ, ಅಂಚನ್ನು ಕಾಯುವುದೂ ಅವೇ.

ಯಜಮಾನರು ಹೆಂಡತಿಯ ಮೇಲೆ ಕೂಗಾಡುತ್ತಿದ್ದರು. ಹೆದರಿದ ಗಂಡಸರು ಹಾಗೇ. "ಅಷ್ಟ್ ದಪ್ಪ ಹಾರ ಹಾಕಬ್ಯಾಡ ಅಂದೆ! ಕೇಳಿದೇನು? ಮೆಲ್ಲಕ ಇಳಿಯೂದು ಹಾರದ ಭಾರಕ್ಕ ಧಡ್ ಅಂತ ಬಿದ್ದೈತಿ ಅದು!"

"ಹೌದ್ರಿ, ನಂದ ತಪ್ಪು" ಅಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಹಂಗ ಆಗಿರಬೇಕಲ್ರಿ ಅಣ್ಣಾರ?"

ಇಬ್ಬರೂ ನನ್ನನ್ನು ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಅಷ್ಟು ಪಕ್ಕಾ ಕಳ್ಳ.

"ಹೂಂ ಅಕ್ಕ. ಹಾರ ಸ್ವಲ್ಪ ಭಾರ ಆಯ್ತೇನೋ" ಅಂದೆ.

ಬದುಕಿನಲ್ಲಿ ಸುಳ್ಳು ಹೇಳದವನಲ್ಲ ನಾನು. ನಾಳೆ ಕೊಡ್ತೀನಿ ಅಂದು ನಾಲ್ಕು ದಿನ ಗಾಡಿ ಇಟ್ಟುಕೊಂಡವನು. ಆದರೆ ನನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದ ಸುಳ್ಳು ಇದೇ ಮೊದಲು.

ಜೀಪನ್ನು ನಾನೇ ಓಡಿಸಿಕೊಂಡು ಶೆಡ್ಡಿಗೆ ತಂದೆ. ಹಾರ ಇನ್ನೂ ಬಾನೆಟ್ಟಿನ ಮೇಲಿತ್ತು. ನಿಜ ಹೇಳಬೇಕೆಂದರೆ, ತಪ್ಪು ಹಾರದ್ದೇ ಆಗಿರಲಿ ಅಂತ ನಾನು ಆಸೆಪಟ್ಟೆ. ಸುಳ್ಳು ಹೇಳಿಯಾಗಿದೆ, ಅದು ನಿಜವೇ ಆಗಿಬಿಟ್ಟರೆ? ಗುಜರಿಯಲ್ಲಿ ತೂಗುವ ತಕ್ಕಡಿಗೆ ಹಾರವನ್ನು ಹಾಕಿಸಿದೆ. ನೋಡಲು ಹೆಬ್ಬಾವಿನಷ್ಟಿದ್ದದ್ದು ತೂಕಕ್ಕೆ ಒಂದು ಕಿಲೋ ಕೂಡ ಬರಲಿಲ್ಲ.

ಆದರೂ ಬಿಡಲಿಲ್ಲ. ಮಧ್ಯಾಹ್ನದ ತನಕ ಕಾದು, ಶೆಡ್ಡು ಕಾದ ಮೇಲೆ ಹಾರದ ಸಮೇತ ಬಾನೆಟ್ಟನ್ನು ಎತ್ತಿ ನಿಲ್ಲಿಸಿದೆ. ನಿಂತಿತು. ಅರ್ಧ ಗಂಟೆ ಆದರೂ ಅಲ್ಲಾಡಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಬಂದು, ಹಾರ ತೆಗೆದಿಟ್ಟು, ಬರೀ ಬಾನೆಟ್ಟನ್ನು ಎತ್ತಿದೆ. ಟೀ ತಂದು ಎದುರಿಗೆ ಕೂತೆ. ಮೊದಲು ನಿಂತಿತು. ಟೀ ಅರ್ಧ ಆಗುವಷ್ಟರಲ್ಲಿ ತುದಿ ಒಂದು ಅಂಗುಲ ಇಳಿಯಿತು. ಆಮೇಲೆ ಎರಡು. ಆಮೇಲೆ ಯಾರೋ ಕೈ ಬಿಟ್ಟ ಹಾಗೆ ಧಡ್ ಅಂತ ಬಿತ್ತು. ಕೆಂಪು ಬಟ್ಟೆಯ ಮೇಲಿನ ಸ್ಪ್ಯಾನರುಗಳು ಇನ್ನೂ ಹಾಗೇ ಮಲಗಿದ್ದವು.

ಹಾರ ನಿರಪರಾಧಿ.

ವಿಜಯದಶಮಿಯ ಪೂಜೆ ಇನ್ನೂ ಆಗಿರಲಿಲ್ಲ. ಕುಂಕುಮ ಇಟ್ಟ ಹನ್ನೆರಡನೇ ನಂಬರಿನ ಸ್ಪ್ಯಾನರನ್ನು ಎತ್ತಿಕೊಂಡು ಶಾಕುಗಳನ್ನು ಬಿಚ್ಚಿದೆ. ಕುಂಕುಮ ಬೆರಳಿಗೆ ಮೆತ್ತಿಕೊಂಡಿತು. ಈಗ ಮುಟ್ಟಲು ಆಗುವುದು, ಮೊನ್ನೆ ಯಾಕೆ ಆಗಲಿಲ್ಲ? ಒಬ್ಬನೇ ನಿಂತು ನನಗೆ ನಾನೇ ಬೈದುಕೊಂಡೆ, ಅಕ್ಷರದಲ್ಲಿ ಬರೆಯಲಾಗದ ಬೈಗುಳ. ಎಡಗಡೆಯ ಶಾಕಿನ ಕುತ್ತಿಗೆಯಲ್ಲಿ ಎಣ್ಣೆಯ ಜಿಡ್ಡು ಕಟ್ಟಿತ್ತು. ನೆಲಕ್ಕೆ ಊರಿದರೆ ಒಂದೇ ಕೈಗೆ ಒಳಗೆ ಹೋಯಿತು.

ಅಂದೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಕೆಲಸ ಸರಿ ಮಾಡುತ್ತೇನೆ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಇದೂ ಒಂದು 'ಆಯಿತು'.

ಈ ಸಲ ಭಾಯ್ ಅಂಗಡಿಯಲ್ಲಿ ಒಂಬತ್ತು ಜೋಡಿ ಶಾಕ್ ಬಿಚ್ಚಿಸಿದೆ. ಮನೆಯಿಂದ ಮೈತೂಕ ನೋಡುವ ಯಂತ್ರ ತಂದು, ಒಂದೊಂದನ್ನೂ ಅದರ ಮೇಲೆ ಊರಿ, ಕಡ್ಡಿ ಒಳಗೆ ಸರಿಯುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಸೀಮೆಸುಣ್ಣದಲ್ಲಿ ಡಬ್ಬಿಯ ಮೇಲೆ ಬರೆದೆ. ಎಡಬಲ ಒಂದೇ ತೂಕ ತೋರಿಸುವ ಮೂರು ಜೋಡಿ ಉಳಿದವು. ಅವನ್ನು ಜ್ಯೂಸ್ ಅಂಗಡಿಯಿಂದ ತಂದ ಐಸಿನ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿ ಒಂದು ಗಂಟೆ ಹೂತಿಟ್ಟು, ತೆಗೆದು, ಮತ್ತೆ ತೂಗಿದೆ. ತಣ್ಣಗಾದಾಗಲೂ ಸಾಕಷ್ಟು ಬಲ ಉಳಿದದ್ದು ಒಂದೇ ಜೋಡಿ.

"ಏನಣ್ಣಾ, ಶಾಕಿಗೆ ಜ್ವರಾನಾ?" ಎಂದು ಭಾಯ್ ಚುಡಾಯಿಸಿದರು. ನಾನು ನಗಲಿಲ್ಲ. "ಉಲ್ಟಾ ಹಾಕಿದ್ದೆ ಭಾಯ್" ಅಂದೆ. ಅವರ ನಗು ನಿಂತಿತು. ಅಕ್ಕನ ಕೈ ವಿಷಯ ಆ ಸಾಲಿನ ಅಂಗಡಿಯವರಿಗೆಲ್ಲ ಗೊತ್ತಿತ್ತು. "ಅವರಿಗೆ ಹೇಳಿದ್ರಾ?" ಅಂತಷ್ಟೇ ಕೇಳಿ, ನನ್ನ ಉತ್ತರಕ್ಕೂ ಕಾಯದೆ ಒಳಗೆ ಹೋದರು.

ಹಳೆ ಬ್ರ್ಯಾಕೆಟ್ಟನ್ನು ಕಿತ್ತು ಒಂದೂವರೆ ಇಂಚು ಹೊರಗೆ ಹೊಸದು ಕೂರಿಸಿದೆ. ಡಬ್ಬಿ ಮೇಲೆ, ಕಡ್ಡಿ ಕೆಳಗೆ. ಹತ್ತು ಮಿಲಿಮೀಟರಿನ ಸರಳು ತಂದು ಹೊಸ ರಾಡು ಬಾಗಿಸಿ, ಎಡಗಡೆ ಕೀಲು ಮಾಡಿ, ಬಾನೆಟ್ ಮೇಲೆ ಹೋದ ಕೂಡಲೇ ತನ್ನಷ್ಟಕ್ಕೆ ಬಂದು ಕೊಕ್ಕೆಗೆ ಬೀಳುವಂತೆ ಒಂದು ಸ್ಪ್ರಿಂಗ್ ಹಾಕಿದೆ. ಭುಜ ಎತ್ತಬೇಕಾಗಿಲ್ಲ. ಇದನ್ನು ಮೊದಲೇ ಮಾಡಬಹುದಿತ್ತು. ಎರಡು ಗಂಟೆಯ ಕೆಲಸ.

ಮುಗಿಸಿದರೆ ಹೇಳಬೇಕಾಗುತ್ತದಲ್ಲ ಅಂತ ದಿನ ತಳ್ಳಿ, ಜೀಪು ತಯಾರಾಗುವ ಹೊತ್ತಿಗೆ ತಿಂಗಳಾಗಿತ್ತು. ಮನೆ ಮುಂದೆ ನಿಲ್ಲಿಸಿ ಕೀಲಿ ಕೊಡಲು ಒಳಗೆ ಹೋದೆ. ಅಕ್ಕ ರೊಟ್ಟಿ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು, ಕೆಲಸದ ಹೆಂಗಸರಿಗೆ ಹೇಳಿಕೊಡುತ್ತಿದ್ದರು. ಬೆರಳಿಗೆ ಪಟ್ಟಿ ಇತ್ತು. ಎರಡು ಖಾನಾವಳಿಯವರು ಆಗಲೇ ಬೇರೆ ಕಡೆ ರೊಟ್ಟಿ ತರಿಸತೊಡಗಿದ್ದರು. ಒಲೆಯ ಮೇಲಿನ ರೊಟ್ಟಿಯ ಅಂಚು ಬಿರಿದದ್ದು ಕಂಡು ಯಜಮಾನರು ಗೊಣಗಿದರು: "ಹೂವಿನ ಹಾರ ಬೇಕಾಗಿತ್ತ ಈಕಿಗೆ. ಈಗ ನೋಡ್ರಿ."

ಅಕ್ಕ ತಲೆ ತಗ್ಗಿಸಿದರು. ಒಂದು ತಿಂಗಳಿಂದ ಈ ಮಾತು ಈ ಮನೆಯಲ್ಲಿ ದಿನಾ ನಡೆದಿದೆ, ಆಡಿಸುತ್ತಿರುವವನು ನಾನು ಅಂತ ಆಗ ತಿಳಿಯಿತು. ನನ್ನ ತಪ್ಪನ್ನು ಅವರು ತಮ್ಮ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದರು.

"ಹಾರದ್ದಲ್ಲ ಸಾರ್" ಅಂದೆ. "ಹಾರ ತೂಗಿ ನೋಡ್ದೆ. ಒಂದು ಕಿಲೋನೂ ಇಲ್ಲ. ಹಾರ ಇಲ್ದೇನೂ ಬೀಳ್ತಿತ್ತು. ತಪ್ಪು ನಂದು."

ತಟ್ಟುವ ಸದ್ದು ನಿಂತಿತು. ಹೇಳತೊಡಗಿದವನು ಎಲ್ಲ ಹೇಳಿದೆ. ಶಾಕನ್ನು ತಿರುಗಿಸಿ ಹಾಕಿದ್ದು, ರಾಡನ್ನು ಕತ್ತರಿಸಿದ್ದು, ಚಳಿಗೆ ಗ್ಯಾಸು ಕುಗ್ಗುವುದು. ಆಸ್ಪತ್ರೆಯಲ್ಲಿ ಹೂಂ ಅಂದದ್ದು.

ಯಜಮಾನರು ಎದ್ದು ನಿಂತರು. "ತಿಂಗಳಾತಲ್ಲೋ! ತಿಂಗಳಾತು ನಾ ಆಕಿಗೆ ಬೈಯಾಕತ್ತು! ಉಣ್ಣುವಾಗ ಬೈದೀನಿ, ಮಕ್ಕೊಳ್ಳುವಾಗ ಬೈದೀನಿ!" ಅವರ ಕಣ್ಣಲ್ಲಿ ನೀರಿತ್ತು. ನನ್ನನ್ನು ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವರು ಹಿತ್ತಿಲ ಬಾಗಿಲು ತೆಗೆದು ಹೊರಗೆ ಹೋದರು.

ಅಕ್ಕ ನನ್ನನ್ನೇ ನೋಡುತ್ತಿದ್ದರು.

"ಹಿಂದಿನ ದಿನ ನಾ ಫೋನ್ ಮಾಡಿದ್ನಲ್ರಿ. ಆವಾಗ ನಿಮಗ ಗೊತ್ತಿತ್ತೇನು?"

ಇದೊಂದನ್ನು ಮಾತ್ರ ಹೇಳದೆ ಉಳಿಸಿಕೊಂಡಿದ್ದೆ. ಅದನ್ನೇ ಕೇಳಿದರು.

"ಗೊತ್ತಿತ್ತಕ್ಕ."

"ಸಾಮಾನಿಗೆ ಕುಂಕುಮ ಹಚ್ಚಿದ್ರಿ."

"ಹೂಂ."

"ಸಾಮಾನ ಮುಟ್ಟಬಾರ್ದು, ಖರೆ. ಬಾಯಿಗೂ ಕುಂಕುಮ ಹಚ್ಚಿದ್ರೇನು?"

ಜೀಪಿನ ಕೀಲಿಯನ್ನು ಒಲೆಯ ಕಟ್ಟೆಯ ಮೇಲಿಟ್ಟು, ಹೊಸದಾಗಿ ಹೇಗೆ ಮಾಡಿದ್ದೇನೆ, ಐಸಿನಲ್ಲಿಟ್ಟು ಹೇಗೆ ನೋಡಿದ್ದೇನೆ ಅಂತ ತೊದಲುತ್ತಾ ಹೇಳಿದೆ. ಅಕ್ಕ ಕೊನೆಯ ತನಕ ಕೇಳಿದರು.

"ಹಂಗಾರ ಚಳಿ ಬರ್ಲಿ" ಅಂದರು. "ಅಲ್ಲೀ ತನಕ ನಿಮ್ಮ ರಾಡ್ ಹಾಕ್ಕೊಂಡ ಓಡಿಸ್ತೀವಿ. ಗಟ್ಟಿ ಚಳಿ ಬಿದ್ದ ದಿನ ಫೋನ್ ಮಾಡ್ತೀನಿ, ಮುಂಜಾನೆ ಬರ್ರಿ."

ಡಿಸೆಂಬರಿನ ಒಂದು ಬೆಳಿಗ್ಗೆ ಫೋನು ಬಂತು. ಹೋದಾಗ ಬಾಯಿಂದ ಹೊಗೆ ಬರುವಷ್ಟು ಚಳಿ. ಅಕ್ಕ ಸ್ವೆಟರ್ ಹಾಕಿಕೊಂಡು ಜೀಪಿನ ಮುಂದೆ ನಿಂತಿದ್ದರು. ಪಟ್ಟಿ ಬಿಚ್ಚಿತ್ತು. ತೋರುಬೆರಳು ಸರಿಯಾಗಿತ್ತು, ನಡುಬೆರಳಿನ ತುದಿ ಸೆಟೆದು ನಿಂತಿತ್ತು. ಜೀಪಿನ ಮೇಲೆ ಚೆಂಡುಹೂವಿನ ಹಾರ, ಅವತ್ತಿನಷ್ಟೇ ದಪ್ಪ. ಹಬ್ಬವಲ್ಲ, ಏನಲ್ಲ. ನನಗಾಗಿ ತರಿಸಿದ್ದು.

ಬಾನೆಟ್ಟನ್ನು ಒಂದು ಬೆರಳಲ್ಲಿ ಎತ್ತಿದರು. ಮೇಲೆ ಹೋಯಿತು, ಸ್ಪ್ರಿಂಗ್ ರಾಡು ಟಕ್ಕಂತ ಕೊಕ್ಕೆಗೆ ಬಿತ್ತು. ಅಕ್ಕ ಆ ರಾಡನ್ನು ಕೊಕ್ಕೆಯಿಂದ ಬಿಡಿಸಿ ಕೆಳಗೆ ಮಲಗಿಸಿದರು. ಈಗ ಹಿಡಿದದ್ದು ನನ್ನ ಶಾಕುಗಳು ಮಾತ್ರ.

"ಕೈ ಇಡ್ರಿ ಅಣ್ಣಾರ."

"ಎಲ್ಲಕ್ಕ?"

"ನಂದು ಎಲ್ಲಿತ್ತೋ ಅಲ್ಲೇ."

ಬಲಗೈಯನ್ನು ರೇಡಿಯೇಟರಿನ ಮುಂದಿನ ಪಟ್ಟಿಯ ಮೇಲೆ ಇಟ್ಟೆ. ಕಬ್ಬಿಣ ಮಂಜಿನಷ್ಟು ತಣ್ಣಗಿತ್ತು. ತಲೆಯ ಮೇಲೆ ಬಾನೆಟ್ಟು, ಅದರ ಅಂಚಿನಿಂದ ಹಾರದ ಹನಿ ನನ್ನ ಮಣಿಕಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಐಸಿನಲ್ಲಿ ನೋಡಿದ್ದೇನೆ, ತೂಗಿದ್ದೇನೆ, ಬೀಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಬೇಸಿಗೆಯಲ್ಲೂ ಹಾಗೇ ಗೊತ್ತಿತ್ತಲ್ಲ.

ಅಕ್ಕ ನಿಂತು ನೋಡಲಿಲ್ಲ. ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಶೆಡ್ಡಿನಿಂದ ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಅಕ್ಕನ ಕೈಯೇ ಅದು. ಮೊದಲು ಆ ಸದ್ದು ಎಲ್ಲೂ ತಡೆಯದೆ ಬರುತ್ತಿತ್ತು. ಈಗ ತಟ್ಟಿ, ತಟ್ಟಿ, ಹಿಟ್ಟು ತಿರುಗಿಸುವಾಗ ಒಂದು ಗಳಿಗೆ ನಿಲ್ಲುತ್ತಿತ್ತು. ಮತ್ತೆ ತಟ್ಟಿ, ತಟ್ಟಿ, ಮತ್ತೆ ನಿಲ್ಲುತ್ತಿತ್ತು. ಸೆಟೆದ ಬೆರಳಿನ ಜಾಗ ಅದು. ಪ್ರತಿ ಸಲ ನಿಂತಾಗಲೂ ನಾನು ಬಾನೆಟ್ಟಿನ ತುದಿ ನೋಡುತ್ತಿದ್ದೆ.

"ಐತೇನ್ರಿ ಕೈ?" ಒಳಗಿನಿಂದಲೇ ಕೇಳಿದರು.

"ಐತೆ ಅಕ್ಕ."

"ಇರ್ಲಿ. ಇನ್ನೂ ಎಂಟ್ ರೊಟ್ಟಿ ಅದಾವ."

ನಾನು ಕೈ ತೆಗೆಯದೆ ಎಣಿಸತೊಡಗಿದೆ.